ಕಾಟಿಯ ಗಾತ್ರ ಫೋಟೋದಲ್ಲೂ ಕಾಣಬೇಕಾದರೆ

ಕುದುರೆಮುಖದ ಕುರಿಂಜಾಲ್ ಬೆಟ್ಟ ಹತ್ತುವಾಗ ಎದುರು ಗುಡ್ಡದ ಹುಲ್ಲಲ್ಲಿ ಕಾಟಿಗಳ, ಅಂದರೆ ಕಾಡುಕೋಣಗಳ ಹಿಂಡು ಕಂಡಿತು. ಮೊಬೈಲಲ್ಲಿ ತೆಗೆದ ಫೋಟೋವನ್ನು ಕಾರ್ಕಳದ ದೊಡ್ಡಮ್ಮನಿಗೆ ತೋರಿಸಿದೆ. "ಇದು ಮೇಯಲು ಬಿಟ್ಟ ಎಮ್ಮೆ ಅಲ್ವಾ?" ಎಂದರು. ಅವರು ಹಾಗೆ ಕೇಳಿದ್ದು ಸರಿಯೇ. ಗಂಡು ಕಾಟಿ ಭುಜದ ಹತ್ತಿರ ಆರಡಿ ಎತ್ತರ ಬೆಳೆಯುತ್ತದೆ, ಸಾವಿರ ಕಿಲೋವರೆಗೂ ತೂಗುತ್ತದೆ. ಫೋಟೋದಲ್ಲಿ ಇದ್ದದ್ದು ಹುಲ್ಲಿನ ನಡುವೆ ಒಂದು ಕರಿ ಚುಕ್ಕೆ. ಹೋಲಿಸಿ ನೋಡಲು ಪಕ್ಕದಲ್ಲಿ ಏನೂ ಇರಲಿಲ್ಲ.

ಮಂಗಳೂರು, ಉಡುಪಿಯವರಿಗೆ ಕಾರ್ಕಳ, ಮಾಳ ಘಾಟಿ ದಾಟಿದರೆ ಕುದುರೆಮುಖ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಬೆಳಗ್ಗೆ ಬೇಗ ಹತ್ತಿ, ಬಿಸಿಲೇರಿದರೆ ಕಾಟಿಗಳು ಕಣಿವೆಯ ದಟ್ಟ ಶೋಲಾ ಕಾಡಿನ ನೆರಳಿಗೆ ಸರಿಯುತ್ತವೆ.

ಪ್ರಾಣಿ ಕಂಡ ಕೂಡಲೇ ನಿಂತುಬಿಡಿ. ಕೈ ನೇರವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಅಡ್ಡ ನಿಂತ ಕಾಟಿಯ ಮೇಲೆ ಹಿಡಿಯಿರಿ. ಬೆರಳಿನ ಅಗಲಕ್ಕೆ ಮೈ ಪೂರ್ತಿ ಮುಚ್ಚಿದರೆ ನಡುವೆ ಸುಮಾರು 80 ಮೀಟರ್ ಆದರೂ ಇದೆ ಎಂದರ್ಥ. ಮುಚ್ಚದಿದ್ದರೆ ಜಾಸ್ತಿ ಹತ್ತಿರ ಹೋಗಿದ್ದೀರಿ, ಮೆಲ್ಲಗೆ ಹಿಂದೆ ಸರಿಯಿರಿ. ಅದು ಮೂಗಿನಿಂದ ಬುಸುಗುಟ್ಟಿದರೆ ಫೋಟೋದ ಆಸೆಯನ್ನೇ ಬಿಡಿ.

ಈಗ ಫೋಟೋ. ಗೆಳೆಯನನ್ನು ಮುಂದೆ ನಿಲ್ಲಿಸಿ, ಹಿಂದೆ ಕಾಟಿ ಬರುವಂತೆ ತೆಗೆಯುವವರೇ ಹೆಚ್ಚು. ಗೆಳೆಯ 5 ಮೀಟರ್ ದೂರದಲ್ಲಿ, ಕಾಟಿ 100 ಮೀಟರ್ ದೂರದಲ್ಲಿ ಇದ್ದರೆ ಗೆಳೆಯ, ಕಾಟಿಯ ಪಕ್ಕ ನಿಂತರೆ ಕಾಣುವುದಕ್ಕಿಂತ ಇಪ್ಪತ್ತು ಪಟ್ಟು ದೊಡ್ಡದಾಗಿ ಕಾಣುತ್ತಾನೆ! ಅಳತೆಯ ವಸ್ತು ಪ್ರಾಣಿಯಷ್ಟೇ ದೂರದಲ್ಲಿ ಇರಬೇಕು, ಅದರ ಗಾತ್ರ ನೋಡುವವರಿಗೆ ಗೊತ್ತಿರಬೇಕು. ಬೆಳ್ಳಕ್ಕಿಗಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ. ಗದ್ದೆಯಲ್ಲಿ ದಿನಾ ನೋಡುವ ಹಕ್ಕಿ, ಒಂದೂವರೆ ಅಡಿ ಉದ್ದ. ಅದು ಕಾಟಿಯ ಬಿಳಿ ಕಾಲಿನ ಪಕ್ಕ ಬಂದು ನಿಲ್ಲುವವರೆಗೆ ಕಾಯಿರಿ. ಹಕ್ಕಿ ಬಾರದಿದ್ದರೆ ಕರು ಆದೀತು, ಪಕ್ಕದ ಮರವೂ ಆದೀತು. ಇದ್ದಲ್ಲಿಂದಲೇ ಜೂಮ್ ಮಾಡಿ, ಆದರೆ ಮೈಯಿಂದಲೇ ಚೌಕಟ್ಟು ತುಂಬಿಸಬೇಡಿ. ಸುತ್ತಲಿನ ಜಾಗ ಕಾಣಲಿ.

ಆನೆಗೆ ಇನ್ನೊಂದು ದಾರಿಯಿದೆ, ಆನೆ ಎದುರಿಗೆ ಬರಬೇಕಾಗಿಯೇ ಇಲ್ಲ. ಚಾರ್ಮಾಡಿ, ಸುಬ್ರಹ್ಮಣ್ಯ ಕಡೆ ಕೆಸರಲ್ಲಿ ಹೆಜ್ಜೆ ಸಿಗುತ್ತದೆ. ಅಂಚು ಚೂಪಾಗಿದ್ದು, ಒಳಗಿನ ನೀರು ಇನ್ನೂ ಕದಡಿದ್ದರೆ ಆನೆ ಈಗಷ್ಟೇ ಹೋಗಿದೆ. ವಾಪಸ್ ಬನ್ನಿ. ಹಳೆಯದಾದರೆ ಪಕ್ಕದಲ್ಲಿ ನೀರಿನ ಬಾಟಲಿ ಮಲಗಿಸಿ ನೇರ ಮೇಲಿನಿಂದ ಫೋಟೋ ತೆಗೆಯಿರಿ. ಆಮೇಲೆ ದುಂಡಗಿನ ಮುಂಗಾಲ ಹೆಜ್ಜೆಯ ಅಂಚಿನ ಸುತ್ತ ದಾರ ಹಿಡಿದು ಕತ್ತರಿಸಿ. ಆ ಸುತ್ತಳತೆಯ ಎರಡರಷ್ಟು ಅಂದರೆ ಹೆಚ್ಚುಕಡಿಮೆ ಆನೆಯ ಭುಜದ ಎತ್ತರ.

ನನ್ನ ದಾರ ನಾಲ್ಕೂವರೆ ಅಡಿ ಇತ್ತು. ದೊಡ್ಡಮ್ಮನ ಮನೆಯ ಗೋಡೆಗೆ ಒಂದರ ಮೇಲೊಂದು ಎರಡು ಸಲ ಹಿಡಿದೆ. ಬಾಗಿಲ ಮೇಲಿನ ದೇವರ ಪಟವನ್ನೂ ದಾಟಿತು. ದೊಡ್ಡಮ್ಮ ಕತ್ತೆತ್ತಿ ನೋಡುತ್ತಾ ಎರಡು ಹೆಜ್ಜೆ ಹಿಂದೆ ಸರಿದರು.