ತಾರಸಿ ಮೇಲೆ ಕೂತು ವಿಮಾನ, ಹಡಗು ಹಿಡಿಯುವುದು ಹೇಗೆ

ಮಂಗಳೂರಿನ ಪಣಂಬೂರು ಬೀಚಿನಲ್ಲಿ ಸಂಜೆ ನಿಂತರೆ ದೂರದಲ್ಲಿ ದೀಪ ಹಚ್ಚಿಕೊಂಡು ನಿಂತ ಹಡಗುಗಳು ಕಾಣುತ್ತವೆ. ಮೇಲೆ ಆಗೊಮ್ಮೆ ಈಗೊಮ್ಮೆ ಬಜಪೆ ವಿಮಾನ. ಇವೆರಡೂ ಸುಮ್ನೆ ಇರುವುದಿಲ್ಲ. ನಾನು ಯಾರು, ಎಲ್ಲಿದ್ದೇನೆ, ಎಷ್ಟು ವೇಗದಲ್ಲಿ ಎತ್ತ ಹೋಗುತ್ತಿದ್ದೇನೆ ಅಂತ ರೇಡಿಯೊದಲ್ಲಿ ಕೂಗಿ ಹೇಳುತ್ತಲೇ ಇರುತ್ತವೆ. ವಿಮಾನದ ಕೂಗಿಗೆ ಎಡಿಎಸ್-ಬಿ ಅಂತ ಹೆಸರು, 1090 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಹಡಗಿನದು ಎಐಎಸ್, 161.975 ಮತ್ತು 162.025 ಮೆಗಾಹರ್ಟ್ಸ್. ಎರಡಕ್ಕೂ ಬೀಗ ಇಲ್ಲ, ಕೀಲಿ ಇಲ್ಲ. ಕಿವಿ ಇದ್ದವರಿಗೆ ಕೇಳುತ್ತದೆ. ಆ ಕಿವಿಯನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ ಅಂತ ನೋಡೋಣ.

ಬೇಕಾದ ಸಾಮಾನು ಕಡಿಮೆ. ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಪೆನ್‌ಡ್ರೈವಿನ ಹಾಗೆ ಯುಎಸ್‌ಬಿಗೆ ಚುಚ್ಚುವ ರೇಡಿಯೊ), ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಅಥವಾ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿದ, ಮೂಲೆಗೆ ಬಿದ್ದಿರುವ ಹಳೆಯ ಲ್ಯಾಪ್‌ಟಾಪ್, ಸ್ವಲ್ಪ ಕೇಬಲ್, ಮೂರು ಗಜ ತಾಮ್ರದ ತಂತಿ. ಈ ಡಾಂಗಲ್ ಮೂಲತಃ ಕಂಪ್ಯೂಟರಿನಲ್ಲಿ ಟಿವಿ ನೋಡಲು ಮಾಡಿದ್ದು. ಅದರೊಳಗಿನ ಆರ್‌ಟಿಎಲ್2832ಯು ಚಿಪ್‌ನಿಂದ ಹಸಿ ರೇಡಿಯೊ ಸಿಗ್ನಲನ್ನೇ ನೇರವಾಗಿ ತೆಗೆಯಬಹುದು ಅನ್ನುವುದು 2012ರ ಹೊತ್ತಿಗೆ ಲಿನಕ್ಸ್ ಮಂದಿಯ ನಡುವೆ ಹಬ್ಬಿತು, ಅಲ್ಲಿಂದ ರೇಡಿಯೊ ಅನ್ನುವುದು ಪೆಟ್ಟಿಗೆಗಿಂತ ಜಾಸ್ತಿ ಪ್ರೋಗ್ರಾಮ್ ಆಯಿತು. ವಿಮಾನದ ಕೂಗನ್ನು ಬಿಡಿಸುವ ಡಂಪ್1090 ಬರೆದವರು ಸಾಲ್ವತೋರೆ ಸಾನ್‌ಫಿಲಿಪ್ಪೊ. ಸಾಫ್ಟ್‌ವೇರ್ ಕೆಲಸದವರಿಗೆ ಗೊತ್ತಿರುತ್ತದೆ, ರೆಡಿಸ್ ಅನ್ನುವ ಡೇಟಾಬೇಸ್ ಮಾಡಿದ ಅದೇ ಮನುಷ್ಯ.

ಮೊದಲು ವಿಮಾನ ಹಿಡಿಯಿರಿ, ಹಡಗು ಆಮೇಲೆ. ವಿಮಾನ ಸುಲಭ, ಮೊದಲ ದಿನವೇ ನಕ್ಷೆ ಮೇಲೆ ಏನಾದರೂ ಓಡಾಡಿದರೆ ಮುಂದಿನ ಕೆಲಸಕ್ಕೆ ಮನಸ್ಸು ಬರುತ್ತದೆ.

ಡಾಂಗಲ್ ಚುಚ್ಚಿದ ಕೂಡಲೇ ಲಿನಕ್ಸ್ ಅದನ್ನು ಟಿವಿ ಅಂದುಕೊಂಡು ತನ್ನ ಡ್ರೈವರ್ ಹಾಕಿಬಿಡುತ್ತದೆ. ಆಗ ನಿಮ್ಮ ಪ್ರೋಗ್ರಾಮಿಗೆ ಡಾಂಗಲ್ ಸಿಗುವುದಿಲ್ಲ, 'ಬ್ಯುಸಿ' ಅನ್ನುತ್ತದೆ. ಹೊಸಬರು ಅರ್ಧ ಜನ ಎಡವುವುದು ಇಲ್ಲೇ. ಆ ಟಿವಿ ಡ್ರೈವರನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ (ಅಂದರೆ ತಾನಾಗಿ ಶುರುವಾಗದ ಹಾಗೆ ತಡೆಯಿರಿ), ಒಮ್ಮೆ ರೀಬೂಟ್ ಮಾಡಿ. ಡಂಪ್1090ರ ಈಗಿನ ಮೊಮ್ಮಗ ರೀಡ್‌ಎಸ್‌ಬಿ ಹಾಕಿಕೊಳ್ಳಿ, ನಕ್ಷೆಗೆ ಟಾರ್1090. ಮನೆಯ ಅಕ್ಷಾಂಶ ರೇಖಾಂಶ ಕೊಟ್ಟರೆ ದೂರವನ್ನೂ ಲೆಕ್ಕ ಹಾಕಿ ತೋರಿಸುತ್ತದೆ. ಇಷ್ಟೇ. ಡಾಂಗಲ್ ಜೊತೆ ಬಂದ ಚಿಕ್ಕ ಆಂಟೆನಾವನ್ನು ಕಿಟಕಿಯಲ್ಲಿಟ್ಟರೂ ನಾಲ್ಕೈದು ವಿಮಾನ ಬಂದೇ ಬರುತ್ತವೆ.

ಇನ್ನು ಆಂಟೆನಾ. ದುಡ್ಡು ಕೊಟ್ಟು ಆಂಪ್ಲಿಫೈಯರ್ ತರುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂತು, ತಂದೆ, ಉಪಯೋಗ ಆಗಲಿಲ್ಲ. ಕೆಟ್ಟ ಜಾಗದ ಸಿಗ್ನಲನ್ನು ದೊಡ್ಡದು ಮಾಡಿದರೆ ಗದ್ದಲವೂ ಅದರ ಜೊತೆಗೇ ದೊಡ್ಡದಾಗುತ್ತದೆ. ಬದಲಿಗೆ ಲೆಕ್ಕ ಹಾಕಿ ತಂತಿ ಕತ್ತರಿಸಿ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ, ಅದರಲ್ಲಿ ಕಾಲು ಭಾಗ ನಮಗೆ ಬೇಕು. ವಿಮಾನಕ್ಕೆ 6.9 ಸೆಂಟಿಮೀಟರ್, ಹಡಗಿಗೆ 46. ತಂತಿಯಲ್ಲಿ ಅಲೆ ಚೂರು ನಿಧಾನ, ಹಾಗಾಗಿ 5 ಶೇಕಡಾದಷ್ಟು ಕಡಿಮೆ ಮಾಡಿ: 6.5 ಮತ್ತು 44. ಒಂದು ಕನೆಕ್ಟರ್ ಸಾಕೆಟ್ಟಿನ ನಡುವಿನ ಪಿನ್ನಿಗೆ ಒಂದು ತಂತಿ ನೆಟ್ಟಗೆ ಬೆಸುಗೆ ಹಾಕಿ, ನಾಲ್ಕು ಮೂಲೆಗೆ ಅಷ್ಟೇ ಉದ್ದದ ನಾಲ್ಕು ತಂತಿ ಕಟ್ಟಿ 45 ಡಿಗ್ರಿ ಕೆಳಕ್ಕೆ ಬಗ್ಗಿಸಿ. ಜೇಡದ ಹಾಗೆ ಕಾಣುತ್ತದೆ. ಮನೆ ವೈರಿಂಗಿನಲ್ಲಿ ಉಳಿದ ತಾಮ್ರದ ತಂತಿಯೇ ಸಾಕು. ಕೇಬಲ್ಲಿಗೆ ಡಿಶ್ ಟಿವಿಯವರು ಎಳೆಯುವ ಆರ್‌ಜಿ-6 ತೆಗೆದುಕೊಳ್ಳಿ. ಅದು 75 ಓಮ್, ಈ ಆಂಟೆನಾಗೆ ಸರಿಯಾಗಿ ಹೊಂದುವುದಿಲ್ಲ ಅಂತ ಪುಸ್ತಕ ಓದಿದವರು ಮೂಗು ಮುರಿಯಬಹುದು, ಆದರೆ ಬರೀ ಕೇಳುವ ಕೆಲಸಕ್ಕೆ ಅದು ತೆಳ್ಳಗಿನ ಆರ್‌ಜಿ-58ಕ್ಕಿಂತ ವಾಸಿ, ಸಿಗ್ನಲ್ ಕಡಿಮೆ ತಿನ್ನುತ್ತದೆ.

ಆಂಟೆನಾ ಎಷ್ಟು ಎತ್ತರದಲ್ಲಿರಬೇಕು? ಭೂಮಿ ಗುಂಡಗಿದೆಯಲ್ಲ, ರೇಡಿಯೊಗೂ ಒಂದು ದಿಗಂತ ಇದೆ. ಎರಡು ಆಂಟೆನಾಗಳ ಎತ್ತರದ (ಮೀಟರಿನಲ್ಲಿ) ವರ್ಗಮೂಲ ತೆಗೆದು ಕೂಡಿಸಿ 4.12ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ನಿಮ್ಮದು 9 ಮೀಟರ್, ವಿಮಾನ 10,000 ಮೀಟರ್ ಅಂದರೆ ಸುಮಾರು 424 ಕಿಮೀ. ಹಡಗಿನ ಆಂಟೆನಾ 25 ಮೀಟರಿನಲ್ಲಿದ್ದರೆ ಬರೀ 33. ಈಗ ಕಂಬ ಏರಿಸಿ ನಿಮ್ಮದನ್ನು 16 ಮೀಟರ್ ಮಾಡಿ. ಎರಡಕ್ಕೂ ನಾಲ್ಕೇ ಕಿಮೀ ಜಾಸ್ತಿ! ವಿಮಾನಕ್ಕೆ ಅದು ಲೆಕ್ಕಕ್ಕಿಲ್ಲ, ಹಡಗಿಗೆ ಎಂಟರಲ್ಲಿ ಒಂದು ಪಾಲು. ಅಂದರೆ ವಿಮಾನದ ಆಂಟೆನಾ ತೆಂಗಿನ ಮರ, ಪಕ್ಕದ ಅಪಾರ್ಟ್‌ಮೆಂಟ್ ದಾಟಿ ಆಕಾಶ ಕಂಡರೆ ಸಾಕು, ಕಂಬದ ತುದಿಯನ್ನು ಹಡಗಿನದಕ್ಕೇ ಬಿಟ್ಟುಕೊಡಿ. ಬೆಂಗಳೂರಿನವರು ಹಡಗಿನ ಪ್ಯಾರಾಗಳನ್ನು ಹಾರಿಸಬಹುದು, ಎಷ್ಟು ಮಹಡಿ ಕಟ್ಟಿದರೂ ಅಲ್ಲಿಗೆ ಬರುವುದಿಲ್ಲ. ಕರಾವಳಿಯಲ್ಲಂತೂ ಬೇಸಿಗೆಯ ಕೆಲವು ರಾತ್ರಿ ಸಮುದ್ರದ ಮೇಲಿನ ಗಾಳಿಯ ಪದರಗಳು ಅಲೆಯನ್ನು ಬಗ್ಗಿಸಿ ತಂದು, ನೂರಾರು ಕಿಮೀ ಆಚೆಯ ಹಡಗು ಕಂಡುಬಿಡುತ್ತದೆ. ಅದನ್ನು ನೋಡಿ ನನ್ನ ಆಂಟೆನಾ ಸೂಪರ್ ಅಂತ ಬೀಗಬೇಡಿ, ಬೆಳಿಗ್ಗೆ ಹೋಗಿರುತ್ತದೆ.

ಹಡಗಿಗೆ ಎರಡನೇ ಡಾಂಗಲ್ ಬೇಕು, ಒಂದೇ ಡಾಂಗಲ್ ಒಂದೇ ಹೊತ್ತಿಗೆ 1090 ಮತ್ತು 162 ಎರಡನ್ನೂ ಕೇಳಲಾರದು. ಎರಡನ್ನೂ ಒಂದೇ ಪೈಗೆ ಚುಚ್ಚಿದಾಗ ಯಾವುದು ಯಾವುದು ಅಂತ ಅದಕ್ಕೆ ಗೊಂದಲ ಆಗುತ್ತದೆ, ಆರ್‌ಟಿಎಲ್ ಈಪ್ರಾಮ್ ಅನ್ನುವ ಚಿಕ್ಕ ಪ್ರೋಗ್ರಾಮಿನಿಂದ ಒಂದೊಂದಕ್ಕೂ ಬೇರೆ ಸೀರಿಯಲ್ ನಂಬರ್ ಬರೆದುಬಿಡಿ. ಪೈಗೆ ಒಳ್ಳೆಯ ಚಾರ್ಜರ್ ಕೊಡಿ, ಹಳೆಯ ಮೊಬೈಲಿನದು ಬೇಡ. ಎಐಎಸ್-ಕ್ಯಾಚರ್ ಹಾಕಿದರೆ ಎರಡೂ ಚಾನೆಲ್ ಒಟ್ಟಿಗೆ ಬಿಡಿಸುತ್ತದೆ, ನಕ್ಷೆಯೂ ಅದರಲ್ಲೇ ಇದೆ.

ನನಗೆ ಹಡಗುಗಳು ಬರುತ್ತಿದ್ದವು, ಸಂಜೆ ಏಳಾದರೆ ಒಂದೊಂದಾಗಿ ಮಾಯ. ವಾರಗಟ್ಟಲೆ ಕೇಬಲ್ ಬಿಚ್ಚಿದೆ, ಕಟ್ಟಿದೆ, ಕನೆಕ್ಟರ್ ಬದಲಿಸಿದೆ. ಕೊನೆಗೆ ನೋಡಿದರೆ ಕಳ್ಳ ತಾರಸಿ ಮೆಟ್ಟಿಲಿನ ಅಗ್ಗದ ಎಲ್‌ಇಡಿ ಬಲ್ಬು! ಅಮ್ಮ ದೀಪ ಹಾಕಿದ ಕೂಡಲೇ ಅದರ ಗದ್ದಲಕ್ಕೆ ಅರಬ್ಬೀ ಸಮುದ್ರ ಖಾಲಿ. ಆದ್ದರಿಂದ ಏನೂ ಬರದಿದ್ದರೆ ಮೊದಲು ಮನೆಯ ಬಲ್ಬು, ಚಾರ್ಜರ್ ಒಂದೊಂದೇ ಆರಿಸಿ ನೋಡಿ. ಆಮೇಲೆ ಗೇನ್ (ಸಿಗ್ನಲನ್ನು ಡಾಂಗಲ್ ಎಷ್ಟು ದೊಡ್ಡದು ಮಾಡಬೇಕು ಅನ್ನುವ ಸೆಟ್ಟಿಂಗ್) ಇಳಿಸಿ ನೋಡಿ, ಪೂರ್ತಿ ಏರಿಸಿಟ್ಟರೆ ಹತ್ತಿರದ ಟವರಿನ ಗದ್ದಲಕ್ಕೇ ಡಾಂಗಲ್ ಕಿವುಡಾಗುತ್ತದೆ.

ಬಂದ ಮಾಹಿತಿಯನ್ನು ಓದುವಾಗ ಸ್ವಲ್ಪ ಅನುಮಾನ ಇರಲಿ. ವಿಮಾನದ ಗುರುತಿನ ಸಂಖ್ಯೆ 80ರಿಂದ 83ರ ಒಳಗೆ ಶುರುವಾದರೆ ನಮ್ಮ ದೇಶದ್ದು, ಹಡಗಿನ ಒಂಬತ್ತು ಅಂಕಿ 419ರಿಂದ ಶುರುವಾದರೆ ನಮ್ಮ ಬಾವುಟದ್ದು. ವಿಮಾನ ಹೇಳುವ ಎತ್ತರ 1013.25 ಹೆಕ್ಟೊಪಾಸ್ಕಲ್ ಒತ್ತಡ ಇದೆ ಅಂದುಕೊಂಡು ಲೆಕ್ಕ ಹಾಕಿದ್ದು, ಮಳೆಗಾಲದಲ್ಲಿ ಒತ್ತಡ 8ರಷ್ಟು ಇಳಿದರೆ ಸುಮಾರು 200 ಅಡಿ ಜಾಸ್ತಿಯೇ ತೋರಿಸುತ್ತದೆ. ಹಡಗಿನ ಜಾಗ ಜಿಪಿಎಸ್‌ನಿಂದ ಬರುತ್ತದೆ, ಆದರೆ ಎಲ್ಲಿಗೆ ಹೊರಟಿದೆ ಅನ್ನುವುದು ಯಾರೋ ಕೈಯಲ್ಲಿ ಟೈಪ್ ಮಾಡಿದ್ದು. ಪಣಂಬೂರಿನಲ್ಲಿ ಲಂಗರು ಹಾಕಿ ನಿಂತ ಹಡಗು ಇನ್ನೂ ಹೋದ ಸಲದ ಬಂದರಿನ ಹೆಸರು ಹೇಳುತ್ತಿರಬಹುದು. ಇನ್ನು, ಹೊರದೇಶಕ್ಕೆ ಹೋಗುವ 300 ಟನ್ನೇಜ್‌ಗಿಂತ ದೊಡ್ಡ ಹಡಗು, ಪ್ರಯಾಣಿಕರ ಹಡಗು ಇವಕ್ಕೆ ಎಐಎಸ್ ಕಡ್ಡಾಯ, ಯುದ್ಧನೌಕೆಗೆ ಅಲ್ಲ. 2025ರ ಜೂನ್ 9ರಂದು ಕೇರಳದ ಆಚೆ ವಾನ್ ಹೈ 503 ಹಡಗಿಗೆ ಬೆಂಕಿ ಬಿದ್ದಾಗ, ಪಾರಾದ 18 ಮಂದಿಯನ್ನು ನೌಕಾಪಡೆಯ ಯುದ್ಧನೌಕೆ ಕರೆತಂದದ್ದು ಇದೇ ಪಣಂಬೂರಿಗೆ. ಅಂಥ ಯುದ್ಧನೌಕೆ ಬಾಗಿಲಿಗೆ ಬಂದರೂ ನಿಮ್ಮ ಪರದೆಯಲ್ಲಿ ಕಾಣಲೇಬೇಕು ಅಂತ ಇಲ್ಲ. ದಕ್ಕೆಯ ಸಣ್ಣ ಮೀನುಗಾರಿಕೆ ಬೋಟುಗಳೂ ಹೆಚ್ಚಾಗಿ ಕಾಣುವುದಿಲ್ಲ. ಹಾಗಾಗಿ ಇದನ್ನು ನೆಚ್ಚಿಕೊಂಡು ಯಾರೂ ದೋಣಿ ಬಿಡಬೇಡಿ.

ಕಾನೂನಿನ ಮಾತು ಚಿಕ್ಕದು. ಏನನ್ನೂ ಬಿತ್ತರಿಸಬೇಡಿ, ಅದಕ್ಕೆ ಲೈಸೆನ್ಸ್ ಬೇಕು. ಕಾರವಾರದ ಕದಂಬ ನೌಕಾನೆಲೆ ಪಕ್ಕ ಮನೆ ಇದ್ದರೆ ಕಂಬ ಏರಿಸುವ ಮೊದಲು ವಿಚಾರಿಸಿ.

ನಮ್ಮೂರ ಮಳೆ ಗೊತ್ತಲ್ಲ. ಕನೆಕ್ಟರಿಗೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಇಲ್ಲದಿದ್ದರೆ ಉಪ್ಪುಗಾಳಿಗೆ ಒಂದೇ ವರ್ಷದಲ್ಲಿ ಹಸಿರು ಹಿಡಿಯುತ್ತದೆ. ಕೇಬಲ್ ಕಿಟಕಿ ಒಳಗೆ ನುಗ್ಗುವ ಮುಂಚೆ ಕೆಳಕ್ಕೆ ಒಂದು ಸುತ್ತು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ. ಮೇ ತಿಂಗಳ ಸಂಜೆ ಮೋಡ ಕಟ್ಟಿದರೆ ಗುಡುಗು ಶುರುವಾಗುವ ಮುಂಚೆಯೇ ಕೇಬಲ್ ಕಿತ್ತು ಹೊರಗಿಡಿ, ಡಾಂಗಲ್ ಹೋದರೆ ಹೋಗಲಿ, ಮನೆ ಉಳಿಯಬೇಕಲ್ವಾ.

ಇನ್ನೊಂದು ವಿಷಯ. ಹಡಗಿನ ಆಂಟೆನಾ ಕಟ್ಟಿ ಕೆಳಗಿಳಿದು ನೋಡಿದಾಗ ಪರದೆ ಖಾಲಿ ಇದ್ದರೆ ಕೂಡಲೇ ಮೆಟ್ಟಿಲು ಹತ್ತಬೇಡಿ. ವಿಮಾನ ಸೆಕೆಂಡಿಗೆ ಎರಡು ಸಲ ಜಾಗ ಹೇಳುತ್ತದೆ, ಓಡುವ ದೊಡ್ಡ ಹಡಗು ಹತ್ತು ಸೆಕೆಂಡಿನೊಳಗೆ ಒಂದು ಸಲ, ಲಂಗರು ಹಾಕಿ ನಿಂತದ್ದು ಮೂರು ನಿಮಿಷಕ್ಕೊಮ್ಮೆ. ನಮ್ಮ ಕಣ್ಣೆದುರಿಗಿರುವವು ಹೆಚ್ಚಿನವು ನಿಂತವೇ. ಒಂದು ಚಹಾ ಮಾಡಿಕೊಂಡು ಬನ್ನಿ.