ಮುತ್ತಜ್ಜನ ಹೆಸರು ಜನಗಣತಿಯಲ್ಲಿಲ್ಲ, ಪಹಣಿಯ ಹತ್ತನೇ ಕಾಲಮ್ಮಿನ ಹಿಂದಿದೆ

ವಂಶವೃಕ್ಷ ಬರೆಯಲು ಹೊರಟವರು ಮೊದಲು ಕೇಳುವುದೇ ಹಳೆಯ ಜನಗಣತಿ ಪಟ್ಟಿ ಎಲ್ಲಿ ಸಿಗುತ್ತದೆ ಎಂದು. ಇಂಗ್ಲೆಂಡಿನಲ್ಲಿ ನೂರು ವರ್ಷ, ಅಮೆರಿಕದಲ್ಲಿ 72 ವರ್ಷ ಕಳೆದರೆ ಮನೆಮನೆಯ ಗಣತಿ ಹಾಳೆಯನ್ನು ಯಾರು ಬೇಕಾದರೂ ನೋಡಬಹುದು. ಯೂಟ್ಯೂಬಿನಲ್ಲಿ ಸಿಗುವ ಪಾಠಗಳೆಲ್ಲ ಅಲ್ಲಿಯವು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ 15ನೇ ಕಲಂ ಆ ಬಾಗಿಲನ್ನು ಮುಚ್ಚಿದೆ. ಗಣತಿದಾರ ಬರೆದುಕೊಂಡ ಹಾಳೆಯನ್ನು ಹೊರಗಿನವರು ನೋಡುವಂತಿಲ್ಲ. ಅದಕ್ಕೂ ಹಿಂದಿನ ಕಾಲದ್ದು ಉಳಿದೇ ಇಲ್ಲ. 1901ರ ಹೊತ್ತಿಗೆ ಒಬ್ಬೊಬ್ಬರಿಗೆ ಒಂದೊಂದು ಚೀಟಿ ಬರೆದು, ಚೀಟಿಗಳನ್ನು ವಿಂಗಡಿಸಿ ಎಣಿಸುವ ಕ್ರಮ ಬಂದಿತ್ತು. ಕೋಷ್ಟಕ ಅಚ್ಚಾದ ಮೇಲೆ ಆ ಚೀಟಿಗಳಿಗೆ ಕೆಲಸವಿರಲಿಲ್ಲ.

ಹಾಗಿದ್ದರೂ ನಾನು ಶುರು ಮಾಡುವುದು ಜನಗಣತಿಯಿಂದಲೇ. ಅದು ಆಳಿನ ಹೆಸರು ಕೊಡುವುದಿಲ್ಲ, ಊರಿನ ಲೆಕ್ಕ ಕೊಡುತ್ತದೆ. ಯಾವ ಕಾಲದಲ್ಲಿ ಊರು ಯಾವ ತಾಲೂಕಿನಲ್ಲಿತ್ತು, ಎಷ್ಟು ಮನೆ ಇದ್ದವು, ಜನ ಹೆಚ್ಚಿದರೋ ಕಡಿಮೆಯಾದರೋ ಎಂಬುದು ಗೊತ್ತಿಲ್ಲದೆ ಕಂದಾಯದ ಕಡತಕ್ಕೆ ಕೈಹಾಕಿದರೆ ತಪ್ಪು ಕಚೇರಿಯ ಮುಂದೆ ನಿಂತಿರುತ್ತೇವೆ.

ಮೈಸೂರು ಸಂಸ್ಥಾನದ ಮೊದಲ ಗಣತಿ ನಡೆದದ್ದು 1871ರ ನವೆಂಬರಿನಲ್ಲಿ. ಆಮೇಲಿನದು 1881ರಲ್ಲಿ, ಅಲ್ಲಿಂದ ಹತ್ತು ವರ್ಷಕ್ಕೊಂದು. ವರದಿಗಳೆಲ್ಲ ಇಂಗ್ಲಿಷಿನಲ್ಲಿವೆ. ಜನಗಣತಿ ಇಲಾಖೆಯ ಡಿಜಿಟಲ್ ಲೈಬ್ರರಿಯಲ್ಲಿ ಹುಡುಕುವಾಗ ‘ಚಿಕ್ಕಮಗಳೂರು ಜಿಲ್ಲೆ’ ಎಂದರೆ ಹಳೆಯದೇನೂ ಬರುವುದಿಲ್ಲ. 1947ರವರೆಗೂ ಅದು ಕಡೂರು ಜಿಲ್ಲೆ. ಹಾಸನದ ಕಥೆ ಇನ್ನೊಂದು. ಖರ್ಚು ಉಳಿಸಲೆಂದು 1882ರಲ್ಲಿ ಅದರ ಜಿಲ್ಲೆ ಪಟ್ಟ ತೆಗೆದರು, 1886ರಲ್ಲಿ ಮತ್ತೆ ಕೊಟ್ಟರು. ನಡುವಿನ ವರ್ಷಗಳ ಕಾಗದ ಬೇಕಾದವರು ಇದನ್ನು ನೆನಪಿಟ್ಟುಕೊಳ್ಳಬೇಕು. ತಾಲೂಕುಗಳೂ ಹಾಗೆಯೇ: ಸಕಲೇಶಪುರದವರು ಮಂಜರಾಬಾದ್ ಎಂದು, ನರಸಿಂಹರಾಜಪುರದವರು ಯಡೇಹಳ್ಳಿ ಎಂದು, ಅರಸೀಕೆರೆಯವರು ಹಾರನಹಳ್ಳಿ ಎಂದು ಹುಡುಕಬೇಕು. ಈಚಿನ ಅಜ್ಜಂಪುರ, ಕಳಸ ತಾಲೂಕಿನವರ ಹಳೆಯ ದಾಖಲೆ ಬೇಕಾದರೆ ಕ್ರಮವಾಗಿ ತರೀಕೆರೆ, ಮೂಡಿಗೆರೆಯಲ್ಲೂ ವಿಚಾರಿಸಬೇಕು.

ಅಂಕಿಗಳಲ್ಲಿ ನಾನು ಹೆಚ್ಚು ಹೊತ್ತು ಕೂರುವುದು 1871 ಮತ್ತು 1881ರ ನಡುವೆ. ಸಂಸ್ಥಾನದ ಜನಸಂಖ್ಯೆ 50,55,412 ಇದ್ದದ್ದು 41,86,188ಕ್ಕೆ ಇಳಿಯಿತು. ಧಾತು ಈಶ್ವರ ಬರ ಎಂದು ಅಜ್ಜಿಯಂದಿರು ಹೇಳುತ್ತಿದ್ದುದು ಇದನ್ನೇ: ಧಾತು ಸಂವತ್ಸರ 1876-77, ಈಶ್ವರ 1877-78. ಬಯಲುಸೀಮೆಯ ಊರುಗಳಲ್ಲಿ ಮನೆತನಗಳ ನೆನಪು ಈ ಗೆರೆಯ ಹಿಂದಕ್ಕೆ ಹೋಗುವುದು ಕಷ್ಟ. ‘ನಮ್ಮವರು ಎಲ್ಲಿಂದಲೋ ಬಂದು ಇಲ್ಲಿ ನೆಲೆ ನಿಂತರು’ ಎಂಬ ಮಾತಿಗೆ ಕಾಲ ಹಚ್ಚುವಾಗ ಮೊದಲು ಪರೀಕ್ಷಿಸಬೇಕಾದ್ದು ಬರದ ಆಚೀಚಿನ ವರ್ಷಗಳನ್ನು. ಮಲೆನಾಡಿನ ಕಡೆ ಲೆಕ್ಕ ಬೇರೆ. ಮಲೇರಿಯಾದಿಂದ ಅಲ್ಲಿ ಜನ ಕರಗುತ್ತಿದ್ದರು, ಕಾಫಿ ತೋಟಕ್ಕೆ ಘಟ್ಟದ ಕೆಳಗಿನಿಂದಲೂ ತಮಿಳುನಾಡಿನಿಂದಲೂ ಆಳು ಬರುತ್ತಿದ್ದರು. ಇಳಿಕೆ ಈಚೆಗೂ ಒಮ್ಮೆ ಕಂಡಿದೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ 2001ರಲ್ಲಿ 11,40,905 ಇದ್ದ ಜನ 2011ರಲ್ಲಿ 11,37,961.

ಊರಿನ ಮಟ್ಟದ ಅಂಕಿಗೆ 1951ರಿಂದ ಈಚಿನ ಜಿಲ್ಲಾ ಜನಗಣತಿ ಕೈಪಿಡಿಗಳನ್ನು ನೋಡುತ್ತೇನೆ. ಗ್ರಾಮವಾರು ಮನೆ, ಕುಟುಂಬ, ಗಂಡು, ಹೆಣ್ಣು ಎಲ್ಲ ಇರುತ್ತವೆ. ಇಲ್ಲಿ ಎರಡು ತೊಡಕು. ಗಣತಿಯ ಗ್ರಾಮವೆಂದರೆ ಕಂದಾಯ ಗ್ರಾಮ. ನಮ್ಮ ಕಡೆಯ ಕೊಪ್ಪಲುಗಳಿಗೆ ಅದರಲ್ಲಿ ಪ್ರತ್ಯೇಕ ಸಾಲಿರುವುದಿಲ್ಲ, ಮೂಲ ಗ್ರಾಮದೊಳಗೇ ಸೇರಿರುತ್ತವೆ. ಅಜ್ಜ ಹೇಳುತ್ತಿದ್ದ ಊರಿನ ಹೆಸರು ಪಟ್ಟಿಯಲ್ಲಿ ಸಿಗದಿದ್ದರೆ ಅದು ಯಾವ ಗ್ರಾಮದ ಮಜರೆ, ಅಂದರೆ ಯಾವ ಗ್ರಾಮಕ್ಕೆ ಸೇರಿದ ಸಣ್ಣ ಊರು, ಎಂದು ಕೇಳಬೇಕು. ಇನ್ನೊಂದು ಬೇಚಿರಾಕ್ ಗ್ರಾಮಗಳು. ಜಮೀನಿದೆ, ಸರ್ವೆ ನಂಬರಿದೆ, ವಾಸದ ಮನೆ ಒಂದೂ ಇಲ್ಲ. ಹೊಲ ಬೇಚಿರಾಕ್ ಗ್ರಾಮದಲ್ಲಿದ್ದು ಮನೆ ಪಕ್ಕದೂರಿನಲ್ಲಿದ್ದರೆ ಎರಡೂ ಗ್ರಾಮದ ದಾಖಲೆ ತೆಗೆಸಲೇಬೇಕು. ಹೊಸಹಳ್ಳಿ, ಹೊಸೂರು ಎಂಬ ಹೆಸರಿನವು ಎಷ್ಟು ಇವೆಯೋ ಲೆಕ್ಕವಿಲ್ಲ. ಆದ್ದರಿಂದ ಹೋಬಳಿಯ ಹೆಸರನ್ನು ಜೊತೆಗೆ ಬರೆಯದೆ ಊರಿನ ಹೆಸರನ್ನು ನಾನು ಎಲ್ಲಿಯೂ ಬರೆಯುವುದಿಲ್ಲ.

ಊರು ಗಟ್ಟಿಯಾದ ಮೇಲೆ ಹೆಸರಿನ ಬೇಟೆ. ಇಲ್ಲಿ ನಿಯಮ ಒಂದೇ: ಇಂದಿನ ಪಹಣಿಯಿಂದ, ಅಂದರೆ ಜಮೀನು ಯಾರದೆಂದು ಹೇಳುವ ಕಂದಾಯ ದಾಖಲೆಯಿಂದ, ಹಿಂದಕ್ಕೆ ನಡೆಯಬೇಕು. ಮಧ್ಯದಲ್ಲೊಂದು ವರ್ಷ ಹಾರಿದರೂ ಬೇರೆಯವರ ವಂಶಕ್ಕೆ ಹೊರಳಿಬಿಡುತ್ತೇವೆ. ಪಹಣಿಯ 9ನೇ ಕಾಲಮ್ಮಿನಲ್ಲಿ ಸ್ವಾಧೀನದಾರನ ಹೆಸರು, 10ರಲ್ಲಿ ಆ ಸ್ವಾಧೀನ ಬಂದ ರೀತಿ. ಎಲ್ಲರೂ 9ನ್ನು ನೋಡಿ ಕಾಗದ ಮಡಚಿಡುತ್ತಾರೆ. ನಮಗೆ ಬೇಕಾದ್ದು 10. ಉದಾಹರಣೆಗೆ ಸರ್ವೆ ನಂಬರ್ 45/2, 1 ಎಕರೆ 12 ಗುಂಟೆ, ಹೆಸರು ‘ಕಾಳೇಗೌಡ ಬಿನ್ ಲೇಟ್ ನಂಜೇಗೌಡ’ (ತೀರಿಕೊಂಡ ನಂಜೇಗೌಡರ ಮಗ ಕಾಳೇಗೌಡ), 10ರಲ್ಲಿ ‘ಎಂ.ಆರ್. 7/1985-86’ ಎಂದಿದೆ ಎನ್ನಿ. ಆ ಎಂ.ಆರ್. ಅಂದರೆ ಮ್ಯುಟೇಶನ್ ರಿಜಿಸ್ಟರಿನ ನಕಲು ತೆಗೆಸಿದರೆ ಅದು ಪೌತಿಯಿಂದ, ಅಂದರೆ ಖಾತೆದಾರ ತೀರಿಕೊಂಡದ್ದರಿಂದ, ಬಂದ ಖಾತೆಯೋ, ಕ್ರಯವೋ, ವಿಭಾಗವೋ, ದಾನವೋ ತಿಳಿಯುತ್ತದೆ. ಪೌತಿಯಾಗಿದ್ದರೆ ತೀರಿಕೊಂಡವರ ಹೆಸರು, ವಾರಸುದಾರರು, ಅವರವರ ಸಂಬಂಧ, ಕೆಲವೊಮ್ಮೆ ತೀರಿಕೊಂಡ ದಿನ, ಕೆಳಗೆ ಹೆಬ್ಬೆಟ್ಟುಗಳ ಸಾಲು. ಒಂದೇ ಹಾಳೆಯಲ್ಲಿ ಎರಡು ತಲೆಮಾರು ಕೈಗೆ ಬರುತ್ತದೆ. ಆಮೇಲೆ ನಂಜೇಗೌಡರ ಹೆಸರಿದ್ದ ಕೈಬರಹದ ಪಹಣಿ ತೆಗೆಸಿ, ಅದರ 10ನೇ ಕಾಲಮ್ಮು ಏನು ಹೇಳುತ್ತದೆಂದು ನೋಡುವುದು. ಅಲ್ಲಿ ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್) ನಂಬರ್ ಬರೆದಿದ್ದರೆ, ಮೈಸೂರು ಸಂಸ್ಥಾನದಲ್ಲಿ 1927ರ ಕಾಯ್ದೆಯ ಮೇಲೆ ಶುರುವಾದ ಹಕ್ಕುದಾಖಲೆ ಮತ್ತು ಇಂಡೆಕ್ಸ್ ಆಫ್ ಲ್ಯಾಂಡ್ಸ್‌ಗೆ ಇಳಿಯಬೇಕು.

45/2 ಎಂಬ ಆ ‘2’ ಕೂಡ ಒಂದು ಸಾಕ್ಷಿ. ಮೂಲದಲ್ಲಿ 45 ಒಂದೇ ನಂಬರು. ಹೆಚ್ಚಾಗಿ ಅಣ್ಣತಮ್ಮಂದಿರು ಪಾಲಾದಾಗ, ಇಲ್ಲವೇ ಒಂದು ಭಾಗ ಮಾರಿದಾಗ ಹಿಸ್ಸಾ, ಅಂದರೆ ತುಂಡು, ಆಗಿರುತ್ತದೆ. 45/1, 45/3ರ ಪಹಣಿಯನ್ನೂ ತೆಗೆಸಿ. ನಿಮ್ಮ ಮನೆಯವರು ಮಾತುಬಿಟ್ಟ ದಾಯಾದಿಗಳು ಅಲ್ಲೇ ಸಿಗುತ್ತಾರೆ. ಹಿಸ್ಸಾ ಟಿಪ್ಪಣಿ, ಪೋಡಿ (ಜಮೀನು ತುಂಡು ಮಾಡಿದ) ನಕ್ಷೆ ಇರುವುದು ತಹಶೀಲ್ದಾರರ ಬಳಿಯಲ್ಲ, ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ. ಗಣಕೀಕೃತ ಪಹಣಿಗೆ ‘ಭೂಮಿ’ ತಂತ್ರಾಂಶ ಸಾಕು. ಅದಕ್ಕೂ ಹಿಂದಿನವಕ್ಕೆ ತಾಲೂಕು ಕಚೇರಿಯ ಅಭಿಲೇಖಾಲಯಕ್ಕೆ ಅರ್ಜಿ ಕೊಡಬೇಕು. ಭೂ ಸುರಕ್ಷಾ ಯೋಜನೆಯಲ್ಲಿ ಈ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿರುವುದರಿಂದ ಮೊದಲು ಅಲ್ಲಿ ವಿಚಾರಿಸಿ. ಅರ್ಜಿಯಲ್ಲಿ ಗ್ರಾಮ, ಹೋಬಳಿ, ಸರ್ವೆ ನಂಬರ್, ಯಾವ ಸಾಲಿನಿಂದ ಯಾವ ಸಾಲಿನವರೆಗೆ ಎಂದು ಬಿಡಿಸಿ ಬರೆಯಬೇಕು. ‘ನಮ್ಮ ತಾತನ ದಾಖಲೆ ಕೊಡಿ’ ಎಂದು ಬರೆದ ಅರ್ಜಿ ಮೇಜಿನ ಮೇಲೆಯೇ ಮಲಗುತ್ತದೆ. ‘ದಾಖಲೆ ಲಭ್ಯವಿಲ್ಲ’ ಎಂಬ ಹಿಂಬರಹ ಬಂದರೂ ಅದನ್ನು ಜೋಪಾನ ಮಾಡಿ, ಯಾವ ಸಾಲಿನದು ಇಲ್ಲವೆಂದು ಅದೇ ಹೇಳುತ್ತದೆ.

ಹೆಸರುಗಳದ್ದೇ ದೊಡ್ಡ ಗೋಜಲು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ‘ಕಾಳೇಗೌಡ ಬಿನ್ ನಂಜೇಗೌಡ’ನೂ ‘ನಂಜೇಗೌಡ ಬಿನ್ ಕಾಳೇಗೌಡ’ನೂ ಒಂದೇ ಮನೆಯಲ್ಲಿ ತಲೆಮಾರು ಬಿಟ್ಟು ತಲೆಮಾರು ಬರುತ್ತಾರೆ. ಅದೇ ಊರಿನಲ್ಲಿ ಅದೇ ಹೆಸರಿನ ಇನ್ನೊಂದು ಮನೆಯೂ ಇರುತ್ತದೆ. ಆದ್ದರಿಂದ ನಾನು ಆಳನ್ನು ಗುರುತಿಸುವುದು ಹೆಸರಿನಿಂದಲ್ಲ, ಸರ್ವೆ ನಂಬರಿನಿಂದ. ಹೆಸರು ಕಾಳ, ಕಾಳಯ್ಯ, ಕಾಳೇಗೌಡ, ಕಾಳಪ್ಪ ಎಂದು ಹೇಗೆ ಬದಲಾದರೂ ಜಮೀನು ಜಾಗ ಬಿಟ್ಟು ಕದಲುವುದಿಲ್ಲ.

ಹೆಣ್ಣುಮಕ್ಕಳ ಪತ್ತೆ ಕಷ್ಟ. ಹಳೆಯ ಪೌತಿ ಖಾತೆಗಳಲ್ಲಿ ಗಂಡುಮಕ್ಕಳ ಹೆಸರು ಮಾತ್ರ ಇರುವುದು ಮಾಮೂಲು. ಹೆಂಡತಿ ಬಂದರೆ ‘ಕೋಂ’ ಎಂದು ಗಂಡನ ಹೆಸರಿನ ಜೊತೆ ಬರುತ್ತಾಳೆ, ತವರಿನ ಸುಳಿವಿರುವುದಿಲ್ಲ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹಕ್ಕು ಕೊಟ್ಟ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು, ಕೇಂದ್ರದ ತಿದ್ದುಪಡಿ 2005ರಲ್ಲಿ. ಅಲ್ಲಿಂದೀಚೆಗೆ ಅಕ್ಕತಂಗಿಯರಿಂದ ಹಕ್ಕು ಖುಲಾಸೆ ಪತ್ರ ಬರೆಸಿಕೊಳ್ಳುವುದು ಹೆಚ್ಚಾಯಿತು. ವಂಶದ ಕೆಲಸಕ್ಕೆ ಆ ಪತ್ರಗಳು ಬಂಗಾರ: ಎಷ್ಟು ಜನ ಹೆಣ್ಣುಮಕ್ಕಳು, ಯಾವ ಯಾವ ಊರಿಗೆ ಕೊಟ್ಟಿದ್ದಾರೆ, ಅಳಿಯಂದಿರ ಹೆಸರು, ವಯಸ್ಸು, ಎಲ್ಲ ಮೊದಲ ಪುಟದಲ್ಲೇ. ಇವನ್ನು ಹುಡುಕುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. 2004ರ ಏಪ್ರಿಲಿನಿಂದ ಈಚಿನ ಋಣಭಾರ ಪತ್ರ ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಕಚೇರಿಯಲ್ಲೇ ಅರ್ಜಿ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಸ್ಥಿರಾಸ್ತಿಯ 1ನೇ ಪುಸ್ತಕದ ನಕಲನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು. ಉಯಿಲುಗಳಿರುವ 3ನೇ ಪುಸ್ತಕ ಹಾಗಲ್ಲ, ಬರೆದವರು ತೀರಿಕೊಂಡ ಮೇಲಷ್ಟೇ ಬೇರೆಯವರಿಗೆ ನಕಲು. ಅರ್ಜಿಯ ಜೊತೆ ಮರಣ ಪತ್ರವನ್ನೂ ಇಟ್ಟುಕೊಂಡು ಹೋಗಿ.

ಗೇಣಿದಾರರ ಮನೆತನದವರಿಗೆ ಪಹಣಿಯ 9ನೇ ಕಾಲಮ್ಮು 1974ರ ಹಿಂದಕ್ಕೆ ಉಪಯೋಗಕ್ಕೆ ಬಾರದು, ಅಲ್ಲಿ ಜಮೀನ್ದಾರನ ಅಥವಾ ದೇವಸ್ಥಾನದ ಹೆಸರಿರುತ್ತದೆ. ಅವರು ನೋಡಬೇಕಾದ್ದು ಭೂನ್ಯಾಯ ಮಂಡಳಿಯ ಕಡತ. ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಉಳುವವರು ಜಮೀನಿನ ಹಕ್ಕು ಕೇಳಿ ಫಾರಂ 7 ಅರ್ಜಿ ಹಾಕಿದರು. ಆ ಕಡತದೊಳಗೆ ಅರ್ಜಿದಾರನ ಹೇಳಿಕೆ, ಅಕ್ಕಪಕ್ಕದ ಹೊಲದವರ ಸಾಕ್ಷಿ ಇರುತ್ತವೆ. ‘ನಮ್ಮ ತಂದೆ, ಅವರ ತಂದೆ ಕಾಲದಿಂದ ಗೇಣಿ ಕೊಟ್ಟು ಸಾಗುವಳಿ ಮಾಡುತ್ತಿದ್ದೇವೆ’ ಎಂದು ಹೆಸರು ಸಮೇತ ಹೇಳಿರುತ್ತಾರೆ. ಬಡ ಮನೆತನಗಳ ಮಾತು ಸರ್ಕಾರಿ ಕಾಗದದ ಮೇಲೆ ಇಷ್ಟು ವಿವರವಾಗಿ ಬಂದದ್ದು ಇನ್ನೆಲ್ಲೂ ನನಗೆ ಕಂಡಿಲ್ಲ. ತೋಟಿ, ತಳವಾರ, ನೀರಗಂಟಿ ಮನೆತನದವರಾದರೆ ಗ್ರಾಮದ ವಂಶಪಾರಂಪರ್ಯ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಯಾದಾಗ ಇನಾಂ ಜಮೀನು ಮರುಮಂಜೂರಾದ ಕಡತವನ್ನು ಕೇಳಬೇಕು.

ಗೊರೂರಿನ ಹೇಮಾವತಿ, ಲಕ್ಕವಳ್ಳಿಯ ಭದ್ರಾ, ಬೇಲೂರಿನ ಯಗಚಿ ಜಲಾಶಯಗಳ ಮುಳುಗಡೆ ಊರಿನವರು ಊರು ಹೋಯಿತೆಂದು ಕೈಚೆಲ್ಲುತ್ತಾರೆ. ಅವರ ದಾಖಲೆಯೇ ಹೆಚ್ಚು ಅಚ್ಚುಕಟ್ಟು. ಭೂಸ್ವಾಧೀನದ 4(1) ಮತ್ತು 6(1) ಅಧಿಸೂಚನೆಗಳು ರಾಜ್ಯಪತ್ರದಲ್ಲಿ ಅಚ್ಚಾಗಿವೆ, ಖಾತೆದಾರರ ಹೆಸರು, ಸರ್ವೆ ನಂಬರ್, ವಿಸ್ತೀರ್ಣ ಸಾಲುಸಾಲಾಗಿ. ಪರಿಹಾರ ಹಂಚಿಕೆಯ ಐತೀರ್ಪಿನಲ್ಲಿ ವಾರಸುದಾರರೂ ಬರುತ್ತಾರೆ.

ವಯಸ್ಸಿಗೆ ಮಾತ್ರ ಯಾವ ಕಾಗದವನ್ನೂ ಪೂರ್ತಿ ನಂಬಬೇಡಿ. ಮತದಾರರ ಪಟ್ಟಿಯಲ್ಲಿ, ಗಣತಿಯಲ್ಲಿ, ಪತ್ರಗಳಲ್ಲಿ ಹಳಬರ ವಯಸ್ಸು 40, 45, 50, 60 ಎಂದೇ ಇರುತ್ತದೆ. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಅರ್ಧ ತರಗತಿ ಜೂನ್ ತಿಂಗಳಲ್ಲೇ ಹುಟ್ಟಿರುತ್ತದೆ, ಮೇಷ್ಟರು ಸೇರಿಸಿಕೊಳ್ಳುವಾಗ ವಯಸ್ಸು ಸರಿಹೊಂದಿಸಿ ಬರೆದದ್ದು. ಆದರೆ ತಂದೆಯ ಹೆಸರು, ಊರು, ಜಾತಿ, ಹಿಂದೆ ಓದಿದ ಶಾಲೆಗೆ ಆ ರಿಜಿಸ್ಟರೇ ಸರಿ. ಜನನ ಮರಣ ನೋಂದಣಿಯ ಈಗಿನ ಪದ್ಧತಿ 1969ರ ಕಾಯ್ದೆಯದು. ನಕಲಿಗೆ ಅರ್ಜಿ ಹಾಕಬಹುದು, ಮರಣದ ಕಾರಣವನ್ನು ಮಾತ್ರ ಅದರಲ್ಲಿ ಕೊಡುವುದಿಲ್ಲ.

ಹಳೆಯ ಪತ್ರಗಳಲ್ಲಿ ಇಸವಿ ಬದಲು ಸಂವತ್ಸರವಿದ್ದರೆ 60 ವರ್ಷದ ಚಕ್ರ ನೆನಪಿರಲಿ. ವಿಕ್ರಮ ಎಂದರೆ 1880-81 ಆಗಬಹುದು, 1940-41 ಆಗಬಹುದು. ಛಾಪಾ ಕಾಗದದ ಮೇಲಿನ ಮುದ್ರೆ, ನೋಂದಣಿ ಸಂಖ್ಯೆ, ಶಾನುಭೋಗರ ಕೈಬರಹ ನೋಡಿ ತೀರ್ಮಾನಿಸಬೇಕು. ಸಂವತ್ಸರ ಯುಗಾದಿಗೆ ಶುರುವಾಗುವುದರಿಂದ ಮಾಘ, ಫಾಲ್ಗುಣದ ಪತ್ರಕ್ಕೆ ಮುಂದಿನ ಇಸವಿ ಹಾಕಬೇಕು: ವಿಕ್ರಮದ ಮಾಘ ಎಂದರೆ 1881 ಇಲ್ಲವೇ 1941.

ಕಾಗದ ನಿಂತಲ್ಲಿ ಹೆಳವರು ಬೇಕಾಗುತ್ತಾರೆ. ಸುಗ್ಗಿ ಮುಗಿದ ಮೇಲೆ ಮನೆಮುಂದೆ ಬಂದು ವಂಶ ಹೊಗಳಿ ದವಸ ಪಡೆಯುವವರು. ಎಲ್ಲ ಜಾತಿಯ, ಎಲ್ಲ ಮನೆತನದ ಲೆಕ್ಕ ಅವರ ಬಳಿ ಇರುವುದಿಲ್ಲ. ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಂಡು, ಕೊನೆಯ ಮೂರು ತಲೆಮಾರನ್ನು ಪಹಣಿಗೆ ಹೋಲಿಸಿ ನೋಡುತ್ತೇನೆ. ಅಲ್ಲಿ ತಾಳೆಯಾದರೆ ಮಾತ್ರ ಹಿಂದಿನದನ್ನು ‘ಹೆಳವರ ಹೇಳಿಕೆ’ ಎಂದು ಗುರುತು ಹಾಕಿ ಸೇರಿಸುತ್ತೇನೆ. ಮನೆದೇವರು ದೂರದ ಊರಿನಲ್ಲಿದ್ದರೆ ಆ ಊರಿನ ಅದೇ ಒಕ್ಕಲಿನವರನ್ನು ವಿಚಾರಿಸುವುದು ವ್ಯರ್ಥವಾಗದು.

ಊರಿನಲ್ಲಿ ಈ ಕೆಲಸ ಮಾಡುವಾಗ ಎದುರಾಗುವ ಪ್ರಶ್ನೆ ಒಂದೇ: ‘ಏನಪ್ಪ, ಪಾಲು ಕೇಳಕ್ಕೆ ಬಂದ್ಯಾ?’ ಸರ್ವೆ ನಂಬರ್ ಬಾಯಿಗೆ ಬಂದ ಕೂಡಲೇ ಹಿರಿಯರ ಮಾತು ನಿಲ್ಲುತ್ತದೆ. ಮೊದಲು ಮದುವೆ, ಹಬ್ಬ, ಹೆಣ್ಣು ಕೊಟ್ಟ ಊರುಗಳ ಬಗ್ಗೆ ಕೇಳಿ, ಜಮೀನಿನ ಕಾಗದವನ್ನು ಮನೆಯಲ್ಲೇ ಬಿಟ್ಟು ಹೋಗಿ. ಗ್ರಾಮ ಆಡಳಿತಾಧಿಕಾರಿ ಕೊಡುವ ವಂಶವೃಕ್ಷವನ್ನೂ ಒಂದು ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳಿ. ಅದು ಅರ್ಜಿದಾರ ಹೇಳಿದ್ದರ ಮೇಲೆ, ಮಹಜರಿನ ಮೇಲೆ ನಿಂತದ್ದು. ಮದುವೆಯಾಗದೆ ತೀರಿಕೊಂಡವರು, ಎರಡನೇ ಸಂಬಂಧದ ಮಕ್ಕಳು ಅದರಲ್ಲಿ ಬಿಟ್ಟುಹೋಗಿರಬಹುದು. ಬದುಕಿರುವವರ ಹುಟ್ಟಿದ ದಿನ, ಜಮೀನಿನ ವಿವರವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವ ಪ್ರತಿಯಿಂದ ತೆಗೆದೇ ಕಳಿಸುತ್ತೇನೆ.