ಮಲೆನಾಡಿನಲ್ಲಿ ಸಣ್ಣ ಸೂರಕ್ಕಿಯನ್ನು ಕಾಣುವ ಬಗೆ

ಆಗುಂಬೆ, ಕೊಡಚಾದ್ರಿ ಮತ್ತು ಶರಾವತಿ ಕಣಿವೆಯ ಕಾಡುಗಳಲ್ಲಿ, ಅಡಿಕೆ ತೋಟಗಳ ಅಂಚಿನಲ್ಲಿ, ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನಬೆಟ್ಟದ ಮರಗಳಲ್ಲಿ ಬದುಕುವ, ಹೂವಿನ ಮಕರಂದ ಹೀರುವ ಸಣ್ಣ ಸೂರಕ್ಕಿಯು ಪಶ್ಚಿಮ ಘಟ್ಟದ ಸೀಮೆಯನ್ನು ಬಿಟ್ಟರೆ ಜಗತ್ತಿನ ಬೇರೆ ಯಾವ ಭಾಗದಲ್ಲಿಯೂ ಇಲ್ಲ. ಕೊಕ್ಕಿನಿಂದ ಬಾಲದ ತುದಿಯವರೆಗೆ ಅಳೆದರೆ ಸುಮಾರು 8 ಸೆಂ.ಮೀ. ಉದ್ದವಿರುವ, 5 ಗ್ರಾಂ ಆಸುಪಾಸು ತೂಗುವ ಈ ಹಕ್ಕಿಯನ್ನು 1832ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ವೈಜ್ಞಾನಿಕವಾಗಿ ವಿವರಿಸಿದರು. ನಮ್ಮ ಭಾಗದಲ್ಲಿ ಇದು ಅಪರೂಪದ್ದೇನಲ್ಲ. ಆದರೂ ಮನೆಯ ಹಿತ್ತಲಿಗೆ ದಿನವೂ ಬಂದುಹೋಗುವ ಈ ಹಕ್ಕಿಯನ್ನು ಬೇರಾವುದೋ ಸೂರಕ್ಕಿಯೆಂದು ಭಾವಿಸಿ ಸುಮ್ಮನಾಗುವವರೇ ಹೆಚ್ಚು. ಮರದಿಂದ ಮರಕ್ಕೆ ಅದರ ಬೆನ್ನಟ್ಟಿ ಹೋದವರಿಗೆ ಅದು ಸರಿಯಾಗಿ ಕಾಣುವುದು ಕಡಿಮೆ. ಅದು ಬರುವ ಹೂವನ್ನು ಅರಿತು ಅಲ್ಲಿ ಕುಳಿತವರಿಗೆ ಕಣ್ತುಂಬ ಕಾಣುತ್ತದೆ. ಆದ್ದರಿಂದ ಈ ಬರಹದ ಬಹುಪಾಲು ಹೂಗಳ ವಿಚಾರವೇ ಆಗಿದೆ.

ಮೊದಲು ಗುರುತಿಸುವ ಬಗೆ. ಗಂಡಿನ ನೆತ್ತಿ ಹೊಳೆಯುವ ಹಸಿರು, ಗಂಟಲು ಗುಲಾಬಿ ಬೆರೆತ ನೇರಳೆ, ಬೆನ್ನು ಮತ್ತು ಎದೆ ಕಡುಗೆಂಪು, ಹೊಟ್ಟೆ ಹಳದಿ. ಊರುಕೇರಿಗಳಲ್ಲಿ ಸಾಮಾನ್ಯವಾಗಿರುವ ನೇರಳೆ ಪೃಷ್ಠದ ಸೂರಕ್ಕಿಯ ಗಂಡಿಗೂ ಹೆಚ್ಚುಕಡಿಮೆ ಇವೇ ಬಣ್ಣಗಳಿರುವುದರಿಂದ ಗೊಂದಲವಾಗುವುದು ಸಹಜ. ಆಗ ಎದೆಯನ್ನು ನೋಡಬೇಕು. ನೇರಳೆ ಪೃಷ್ಠದ ಸೂರಕ್ಕಿಯಲ್ಲಿ ಗಂಟಲಿನ ಕೆಳಗೆ ಕಂದುಗೆಂಪಿನ ಒಂದು ತೆಳ್ಳನೆಯ ಗೆರೆಯಿದ್ದು, ಅದರ ಕೆಳಗೆ ಹಳದಿ ಆರಂಭವಾಗುತ್ತದೆ. ಸಣ್ಣ ಸೂರಕ್ಕಿಯಲ್ಲಿ ಕೆಂಪು ಅಗಲವಾದ ಪಟ್ಟಿಯಾಗಿ ಎದೆಯನ್ನೆಲ್ಲ ಆವರಿಸಿರುತ್ತದೆ. ಬೆನ್ನಿನ ಕೆಂಪೂ ಅಷ್ಟೇ ಗಾಢವಾಗಿ, ಬಿಸಿಲು ಬಿದ್ದಾಗ ಥಟ್ಟನೆ ಕಣ್ಣಿಗೆ ಹೊಡೆಯುವಂತಿರುತ್ತದೆ. ಎರಡೂ ಒಟ್ಟಿಗೆ ಕಂಡರೆ ಗಾತ್ರದ ವ್ಯತ್ಯಾಸವೂ ತಿಳಿಯುತ್ತದೆ, ಆದರೆ ಒಂಟಿಯಾಗಿ ಕಂಡ ಹಕ್ಕಿಯ ಗಾತ್ರವನ್ನು ನಂಬಿ ತೀರ್ಮಾನಿಸುವುದು ಸರಿಯಲ್ಲ.

ಹೆಣ್ಣನ್ನು ಗುರುತಿಸುವುದು ಗಂಡಿಗಿಂತಲೂ ಸುಲಭವೆಂದು ಹೇಳಿದರೆ ಹಲವರಿಗೆ ಆಶ್ಚರ್ಯವಾಗಬಹುದು. ಮಂಕು ಕಂದುಹಸಿರಿನ ಈ ಹಕ್ಕಿ ಹೂವಿನತ್ತ ಬಾಗಿ ರೆಕ್ಕೆಯನ್ನು ಸ್ವಲ್ಪ ಸಡಿಲಿಸಿದಾಗ ಬಾಲದ ಬುಡದ ಮೇಲ್ಭಾಗದಲ್ಲಿ ಕೆಂಪು ಕಾಣಿಸುತ್ತದೆ, ಮತ್ತು ನಮ್ಮ ಬೇರೆ ಯಾವ ಸೂರಕ್ಕಿಯ ಹೆಣ್ಣಿಗೂ ಆ ಗುರುತಿಲ್ಲ. ಕೆಲವು ತಿಂಗಳು ಗಂಡುಗಳೂ ಮಿರುಗು ಕಳೆದುಕೊಂಡು ಮಾಸಿದ ಗರಿಗಳಲ್ಲಿರುವುದುಂಟು. ಅಂಥವುಗಳ ಬೆನ್ನಿನಲ್ಲಿ ಉಳಿದ ಕೆಂಪನ್ನು ಹುಡುಕಬೇಕು. ಇಡೀ ಮೈ ಕಪ್ಪುನೀಲಿಯಾಗಿ ಕಾಣುವುದು ಕಪ್ಪು ಸೂರಕ್ಕಿ. ಮೈ ಕಪ್ಪಾಗಿದ್ದು ಕೊಕ್ಕು ಬಲು ಉದ್ದವಾಗಿ ಕುಡುಗೋಲಿನಂತೆ ಬಾಗಿದ್ದರೆ ಅದು ಲೋಟನ್ ಸೂರಕ್ಕಿ. ಬಾಳೆಯ ಮೂತಿಯ ಬಳಿ ಇನ್ನೂ ಉದ್ದ ಕೊಕ್ಕಿನ, ಹೊಳಪಿಲ್ಲದ ಹಸಿರು ಮೈಯ ಹಕ್ಕಿ ಕಂಡರೆ ಅದು ಸೂರಕ್ಕಿಗಳ ಬಳಗಕ್ಕೇ ಸೇರಿದ ಜೇಡಹಿಡುಕ.

ಬೆಳಕಿನ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಬೇಕು. ನೆತ್ತಿಯ ಹಸಿರು ಮತ್ತು ಗಂಟಲಿನ ನೇರಳೆಗಳು ಗರಿಯ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದು ಹುಟ್ಟುವ ಬಣ್ಣಗಳಾದ್ದರಿಂದ ಹಕ್ಕಿಯ ಹಿಂದೆ ಆಕಾಶವಿದ್ದರೆ ಅವು ಬರಿಯ ಕಪ್ಪಾಗಿ ಕಾಣುತ್ತವೆ. ಸೂರ್ಯ ನಿಮ್ಮ ಬೆನ್ನಿಗಿರುವಂತೆ ನಿಂತುಕೊಂಡರೆ ಅದೇ ಹಕ್ಕಿ ಬೇರೆಯೇ ಆಗಿ ತೋರುತ್ತದೆ.

ಈಗ ಹೂಗಳ ವಿಚಾರ. ಸಣ್ಣ ಸೂರಕ್ಕಿಯನ್ನು ನೋಡಲು ಮಲೆನಾಡಿನಲ್ಲಿ ಡಿಸೆಂಬರಿನಿಂದ ಮಾರ್ಚಿಯವರೆಗಿನ ಕಾಲ ಅತ್ಯುತ್ತಮವಾದದ್ದು, ಏಕೆಂದರೆ ಮಕರಂದ ತುಂಬಿದ ಹಲವು ಹೂಗಳು ಆ ತಿಂಗಳುಗಳಲ್ಲಿ ಅರಳುತ್ತವೆ ಮತ್ತು ಹಕ್ಕಿಯ ಗೂಡುಕಟ್ಟುವ ಕಾಲವೂ ಹೆಚ್ಚಾಗಿ ಅದೇ ಆಗಿದೆ. ಎಲೆ ಉದುರಿಸಿ ಕೆಂಪಗೆ ಹೂತ ಹಾಲುವಾಣದ ಮರವೊಂದು ನಿಮ್ಮ ಊರಿನಲ್ಲಿದ್ದರೆ ಬೇರೆಡೆಗೆ ಹೋಗುವ ಅಗತ್ಯವೇ ಇಲ್ಲ. ಎಲೆಯ ಮರೆಯಿಲ್ಲದ ಕಾರಣ ಅಲ್ಲಿ ಪ್ರತಿಯೊಂದು ಹಕ್ಕಿಯೂ ಬಯಲಾಗಿ ಕಾಣುತ್ತದೆ; ತೊಂದರೆಯೆಂದರೆ ಪಿಕಳಾರ, ಮೈನಾ, ಕಾಜಾಣಗಳೂ ಅಲ್ಲಿ ನೆರೆದು ಚಿಕ್ಕ ಹಕ್ಕಿಗಳನ್ನು ಅಂಚಿಗೆ ತಳ್ಳುತ್ತವೆ. ಆದ್ದರಿಂದ ಮರದ ನಡುವನ್ನು ಬಿಟ್ಟು ಕೆಳಗಿನ ಮತ್ತು ಹೊರಗಿನ ರೆಂಬೆಗಳ ಮೇಲೆ ಕಣ್ಣಿಡಬೇಕು. ಬೂರುಗದ ಮರಕ್ಕೂ ಇದೇ ಮಾತು ಅನ್ವಯಿಸುತ್ತದೆ.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮೇಲಾದದ್ದು ಬಂದಳಿಕೆ. ಮಾವು, ಹಲಸು ಮತ್ತು ಕಾಡುಮರಗಳ ಕೊಂಬೆಗಳ ಮೇಲೆ ಬೇರೂರಿ ಅವುಗಳ ರಸ ಹೀರಿ ಬೆಳೆಯುವ ಈ ಗಿಡವನ್ನು ತೋಟದವರು ಕಂಡಲ್ಲಿ ಕಡಿಯುತ್ತಾರೆ, ಮತ್ತು ಫಲ ಕೊಡುವ ಮರದ ಮಟ್ಟಿಗೆ ಅದು ನ್ಯಾಯವೂ ಹೌದು. ಆದರೆ ಕೊಳವೆಯಂತಹ ಬಂದಳಿಕೆಯ ಹೂವಿಗೂ ಸೂರಕ್ಕಿಯ ಕೊಕ್ಕಿಗೂ ಇರುವ ಹೊಂದಾಣಿಕೆಯನ್ನು ಹತ್ತಿರದಿಂದ ನೋಡಿದವರು ಎಲ್ಲವನ್ನೂ ಕಡಿಯಲು ಹಿಂಜರಿಯುತ್ತಾರೆ. ಹಕ್ಕಿ ಗೊಂಚಲಿನ ಪಕ್ಕದ ಕಡ್ಡಿಯನ್ನು ಹಿಡಿದು ಕೂರುತ್ತದೆ, ಒಮ್ಮೊಮ್ಮೆ ತಲೆಕೆಳಗಾಗಿ ಜೋತುಬೀಳುತ್ತದೆ, ಒಂದು ಹೂವಿಗೆ ಕೊಕ್ಕು ತೂರಿಸಿ ಕ್ಷಣಾರ್ಧದಲ್ಲಿ ಹಿಂತೆಗೆದು ಪಕ್ಕದ ಹೂವಿಗೆ ಹೋಗುತ್ತದೆ. ಹಾಗೆ ಹತ್ತಾರು ಹೂಗಳನ್ನು ಮುಗಿಸಿ ಹೊರಬಂದಾಗ ಅದರ ಹಣೆಯ ಗರಿಗಳಿಗೆ ಹಳದಿ ಪರಾಗ ಮೆತ್ತಿರುವುದನ್ನು ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಾಣಬಹುದು; ಆ ಪರಾಗವೇ ಮುಂದಿನ ಗಿಡವನ್ನು ತಲುಪುತ್ತದೆ. ಬಂದಳಿಕೆಯ ಹಣ್ಣು ತಿಂದು ಬೀಜ ಹರಡುವ ಕೆಲಸ ಮಾತ್ರ ಹೆಚ್ಚಾಗಿ ಬೇರೊಂದು ಪುಟ್ಟ ಹಕ್ಕಿಯಾದ ಹೂಕುಟುಕದ್ದು. ಹಣ್ಣಿನ ಮರಗಳಿಂದ ಬಂದಳಿಕೆಯನ್ನು ತೆಗೆದರೂ ಬೇಲಿಯ ಅಥವಾ ಬೆಟ್ಟದ ಒಂದೆರಡು ಮರಗಳಲ್ಲಿ ಅದನ್ನು ಉಳಿಸಿ ಎಂಬುದು ನನ್ನ ಪ್ರಾಮಾಣಿಕ ವಿನಂತಿ.

ಹೂವಿನ ಜಾಗ ಗೊತ್ತಾದ ಮೇಲೆ ಕೂರುವುದಷ್ಟೇ ಉಳಿಯುತ್ತದೆ. ಮಲೆನಾಡಿನ ಚಳಿಗಾಲದ ಬೆಳಗಿನಲ್ಲಿ ಮಂಜು ಕರಗುವವರೆಗೆ ಚಟುವಟಿಕೆ ಕಡಿಮೆ. ಬಿಸಿಲು ಹೂಗಳ ಮೇಲೆ ಬಿದ್ದ ಹೊತ್ತಿನಿಂದ ಎರಡು ಗಂಟೆಗಳ ಕಾಲ ಒಳ್ಳೆಯದು. ಮರದಿಂದ ಹತ್ತು ಹನ್ನೆರಡು ಅಡಿ ದೂರದಲ್ಲಿ, ಹಿನ್ನೆಲೆಗೆ ಪೊದೆಯೋ ಧರೆಯೋ ಇರುವ ಕಡೆ, ಮಾಸಲು ಬಣ್ಣದ ಬಟ್ಟೆ ತೊಟ್ಟು ಕದಲದೆ ಕುಳಿತರೆ ಹಕ್ಕಿ ನಿಮ್ಮನ್ನು ಲೆಕ್ಕಿಸುವುದಿಲ್ಲ. ಮೊದಲು ತೆಳುವಾದ, ಚುರುಕಾದ ‘ಚಿಪ್, ಚಿಪ್’ ಎಂಬ ದನಿ ಕೇಳುತ್ತದೆ, ಆಮೇಲೆ ಹಕ್ಕಿ ಕಾಣುತ್ತದೆ. ಎಂಟು ಪಟ್ಟು ಹಿಗ್ಗಿಸುವ, ಎರಡು ಮೀಟರ್ ಸಮೀಪದ ವಸ್ತುವಿನ ಮೇಲೂ ಫೋಕಸ್ ಆಗುವ ದುರ್ಬೀನು ಸಾಕು. ಹೆಚ್ಚು ಹಿಗ್ಗಿಸುವ ಭಾರದ ದುರ್ಬೀನಿನಲ್ಲಿ ಇಷ್ಟು ಚಂಚಲವಾದ ಹಕ್ಕಿಯನ್ನು ಹಿಡಿದಿಡುವುದು ಕಷ್ಟ. ಮೊಬೈಲಿನಲ್ಲಿ ಅದರ ದನಿಯನ್ನು ನುಡಿಸಿ ಕರೆಯುವುದನ್ನು ಬಿಡಬೇಕು. ಪ್ರತಿಸ್ಪರ್ಧಿ ಬಂದನೆಂದು ತಿಳಿದು ಗಂಡು ತನ್ನ ಹೊತ್ತನ್ನೂ ಶಕ್ತಿಯನ್ನೂ ವ್ಯರ್ಥ ಮಾಡಿಕೊಳ್ಳುತ್ತದೆ.

ಹೊರಗಿನಿಂದ ಬರುವವರು ಶಿವಮೊಗ್ಗ ಜಿಲ್ಲೆಯ ಪಕ್ಷಿಧಾಮಗಳೆಂದು ಮಂಡಗದ್ದೆಗೋ ಗುಡವಿಗೋ ಹೋಗುತ್ತಾರೆ. ಅವು ನೀರುಹಕ್ಕಿಗಳ ಸ್ಥಳಗಳು. ಸೂರಕ್ಕಿಗಾಗಿ ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗಿನ ಹಳ್ಳಿಗಳ ಕಾಡಂಚು, ಕುಪ್ಪಳಿಯ ಸುತ್ತಮುತ್ತ, ಸಾಗರ ಮತ್ತು ಹೊಸನಗರದ ಕಾನುಗಳ ಅಂಚು ಹೆಚ್ಚು ಸೂಕ್ತ. ದಟ್ಟ ಕಾಡಿನ ಒಳಕ್ಕಿಂತ ಕಾಡು ಮತ್ತು ತೋಟ ಸೇರುವ ಗಡಿಯಲ್ಲಿ ಹೂವೂ ಹೆಚ್ಚು, ಕಾಣುವ ಅವಕಾಶವೂ ಹೆಚ್ಚು.

ಗೂಡಿನ ವಿಷಯದಲ್ಲಿ ಎಚ್ಚರ ಬೇಕು. ನಾರು, ಪಾಚಿ ಮತ್ತು ಜೇಡರ ಬಲೆಯನ್ನು ಸೇರಿಸಿ ಹೆಣೆದ ಪುಟ್ಟ ಚೀಲದಂತಹ ಗೂಡು ತೆಳುವಾದ ಕಡ್ಡಿಯ ತುದಿಯಲ್ಲಿ, ಆಳೆತ್ತರಕ್ಕಿಂತ ಕೆಳಗೂ ನೇತಾಡುತ್ತಿರಬಹುದು. ಕಸ ಸಿಕ್ಕಿಕೊಂಡಂತೆ ಕಾಣುವುದರಿಂದ ಹಿತ್ತಲು ಸವರುವಾಗ ಕತ್ತಿಯ ಬಾಯಿಗೆ ಸಿಕ್ಕುವುದುಂಟು. ಒಳಗೆ ಸಾಮಾನ್ಯವಾಗಿ ಎರಡು ಮೊಟ್ಟೆಗಳಿರುತ್ತವೆ. ಗೂಡು ಕಂಡರೆ ಒಮ್ಮೆ ದೂರದಿಂದ ನೋಡಿ ಹಿಂದೆ ಸರಿಯಿರಿ, ಫೋಟೋಗಾಗಿ ಎಲೆ ಸರಿಸಬೇಡಿ, ಜಾಗವನ್ನು ಜಾಲತಾಣದಲ್ಲಿ ಹಾಕಬೇಡಿ. ಎಲೆ ಸರಿದರೆ ಗೂಡು ಕೆಂಬೂತದ ಕಣ್ಣಿಗೂ ಹಾವಿನ ಬಾಯಿಗೂ ಸುಲಭವಾಗುತ್ತದೆ.

ಹಿತ್ತಲಿಗೆ ಕರೆತರಬೇಕೆನ್ನುವವರು ಸಕ್ಕರೆ ನೀರಿನ ಬಾಟಲಿ ತೂಗುಹಾಕುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ತೇವದ ಹವೆಯಲ್ಲಿ ಅದು ಬೇಗ ಹುಳಿಯುತ್ತದೆ, ಬೂಷ್ಟು ಹಿಡಿಯುತ್ತದೆ, ಮತ್ತು ಮರಿಗಳಿಗೆ ಬೇಕಾದ ಹುಳ ಮತ್ತು ಜೇಡಗಳು ಅದರಿಂದ ಸಿಗುವುದಿಲ್ಲ. ದಾಸವಾಳ, ಕೇಪಳ, ರತ್ನಗಂಧಿ ಮತ್ತು ಒಂದಿಷ್ಟು ಬಾಳೆ ಇದ್ದರೆ ವರ್ಷದ ಹೆಚ್ಚು ಕಾಲ ಒಂದಲ್ಲ ಒಂದು ಹೂವಿರುತ್ತದೆ. ದಾಸವಾಳದ ಹೂವಿನ ಬುಡದಲ್ಲಿ ಸಣ್ಣ ಸೀಳು ಕಂಡರೆ ಗಿಡಕ್ಕೆ ರೋಗವೆಂದು ಔಷಧಿ ಹೊಡೆಯಬೇಡಿ. ಮಕರಂದಕ್ಕೆ ಅಡ್ಡದಾರಿ ಹಿಡಿದ ಸೂರಕ್ಕಿ ಕೊಕ್ಕಿನಿಂದ ಚುಚ್ಚಿದ ಗುರುತು ಅದಾಗಿರಬಹುದು. ಹಾಲುವಾಣವನ್ನು ನೆಡುವುದಿದ್ದರೆ ಮಳೆಗಾಲದ ಆರಂಭದಲ್ಲಿ ಬಲಿತ ಗೂಟವನ್ನು ಊರಿದರೆ ಸಾಕು, ಚಿಗುರುತ್ತದೆ. ಅದರ ಮೇಲೆ ಮೆಣಸಿನ ಬಳ್ಳಿಯನ್ನೂ ಹಬ್ಬಿಸಬಹುದು. ಪ್ರತಿವರ್ಷ ಕೊಂಬೆ ಸವರಿದ ಮರದಲ್ಲಿ ಹೂವು ಸಿಗುವುದು ಕಷ್ಟವಾದ್ದರಿಂದ ಒಂದು ಮರವನ್ನಾದರೂ ಕತ್ತರಿಸದೆ ಬಿಡಬೇಕು.

ಹಕ್ಕಿ ಬರತೊಡಗಿದ ಮೇಲೆ ಕೆಲವೆಡೆ ಗಂಡು ಕಿಟಕಿಯ ಗಾಜನ್ನೋ ನಿಲ್ಲಿಸಿದ ವಾಹನದ ಕನ್ನಡಿಯನ್ನೋ ಬಿಡದೆ ಕುಕ್ಕುವುದುಂಟು, ಏಕೆಂದರೆ ತನ್ನ ಪ್ರತಿಬಿಂಬವನ್ನು ಅದು ಇನ್ನೊಂದು ಗಂಡೆಂದು ತಿಳಿಯುತ್ತದೆ. ಕನ್ನಡಿಗೆ ಬಟ್ಟೆಯ ಚೀಲ ತೊಡಿಸಿದರೆ, ಗಾಜಿನ ಹೊರಮೈಗೆ ಕಾಗದ ಅಂಟಿಸಿದರೆ ಸಾಕು, ಅದು ಹೂವಿನ ಕಡೆಗೆ ಮರಳುತ್ತದೆ.